ಹೊತ್ತು ಮುಳುಗುವುದರೊಳಗೆ ಒಂದು ಗುಳಿಗೆ

ಔಷಧ ಕಂಡುಹಿಡಿಯುವವರು ಬೇರೆ, ಅದನ್ನು ಮೈಯೊಳಗೆ ತಲುಪಿಸುವವರು ಬೇರೆ. ನಾನು ಎರಡನೆಯ ಪಂಗಡಕ್ಕೆ ಸೇರಿದವನು. ನುಂಗಿದ ಗುಳಿಗೆ ಎಲ್ಲಿ ಕರಗಬೇಕು, ಯಾವಾಗ ಕರಗಬೇಕು, ಎಷ್ಟೆಷ್ಟು ಕರಗಬೇಕು ಎಂಬುದನ್ನು ಗುಳಿಗೆಯ ಇಷ್ಟಕ್ಕೆ ಬಿಡದೆ ಮೊದಲೇ ತೀರ್ಮಾನಿಸಿ ಕಳುಹಿಸುವುದು ನನ್ನ ವಿದ್ಯೆ. ಕೆಮಿಕಲ್ ಎಂಜಿನಿಯರಿಂಗ್, ಅದರ ಮೇಲೆ ಎಂ.ಟೆಕ್., ಅದರ ಮೇಲೆ ಪುಣೆಯ ಪ್ರಯೋಗಾಲಯವೊಂದರಲ್ಲಿ ಪಿಎಚ್.ಡಿ. ಇಷ್ಟೆಲ್ಲ ಓದುತ್ತಿದ್ದವನಿಗೆ ಜಗತ್ತಿನ ಯಾವ ಹೊಟ್ಟೆಗಾದರೂ ಔಷಧ ತಲುಪಿಸಬಲ್ಲೆನೆಂಬ ಧೈರ್ಯ ಇದ್ದದ್ದು ಸಹಜ. ಜಗತ್ತಿನ ಹೊಟ್ಟೆಗಳ ಮಾತು ಹಾಗಿರಲಿ, ತೇರದಾಳದಲ್ಲಿದ್ದ ನಮ್ಮವ್ವನ ಒಂದೇ ಒಂದು ಹೊಟ್ಟೆಗೆ ಒಂದೇ ಒಂದು ಗುಳಿಗೆ ತಲುಪಿಸಲು ನನ್ನಿಂದಾಗಲಿಲ್ಲ!

ಅವ್ವನಿಗೆ ಕೈ ನಡುಗುವ, ಮೈ ಬಿಗಿಯುವ ಕಾಯಿಲೆ. ಜಮಖಂಡಿಯ ಡಾಕ್ಟರು ಮುಂಜಾನೆ, ಮಧ್ಯಾಹ್ನ, ರಾತ್ರಿ ಮಲಗುವಾಗ ಎಂದು ಮೂರು ಹೊತ್ತಿನ ಗುಳಿಗೆ ಬರೆದುಕೊಟ್ಟಿದ್ದರು. ಮೊದಲೆರಡಕ್ಕೆ ತಕರಾರಿರಲಿಲ್ಲ. ಗಂಡಾಂತರ ಇದ್ದದ್ದು ಮೂರನೆಯದರಲ್ಲಿ. ನಮ್ಮದು ಜೈನರ ಮನೆ. ಅವ್ವ ಮದುವೆಯಾಗಿ ಬಂದ ಹೊಸತರಲ್ಲಿ, ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳ ಮುಂದೆ ಕೈಮುಗಿದು, ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರಿಲ್ಲ, ಔಷಧವೂ ಇಲ್ಲ ಎಂದು ವ್ರತ ಹಿಡಿದವಳು. ಹೀಗಾಗಿ ರಾತ್ರಿಯ ಗುಳಿಗೆಯನ್ನು ಸಂಜೆಯ ಊಟದ ಜೊತೆಗೇ ನುಂಗಿಬಿಡುತ್ತಿದ್ದಳು. ಅದರ ಕಸುವು ಊರು ಮಲಗುವುದರೊಳಗೆ ಮುಗಿದುಹೋಗುತ್ತಿತ್ತು. ಅಲ್ಲಿಂದ ಬೆಳಗಾಗುವವರೆಗೆ ಅವ್ವ ಮಲಗಿಸಿದ ಹಾಗೇ ಮಲಗಿರಬೇಕು. ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. “ಏನ್ರೀ” ಎಂದು ಮೆಲ್ಲಗೆ ಕರೆಯುವಳು. ದಿನವಿಡೀ ಅರಿಷಿಣದ ವ್ಯಾಪಾರ ಮಾಡಿ ದಣಿದ ಅಪ್ಪ ಎದ್ದು ಹೊರಳಿಸುವರು. ಸ್ವಲ್ಪ ಹೊತ್ತಿಗೆ ಮತ್ತೆ “ಏನ್ರೀ.” ರಜೆಗೆ ಬಂದಾಗ ಪಕ್ಕದ ಕೋಣೆಯಲ್ಲಿ ಮಲಗಿ ಇದನ್ನು ಕೇಳುತ್ತಿದ್ದೆ. ಕೇಳಲಾಗುತ್ತಿರಲಿಲ್ಲ.

ಪಕ್ಕದ ಮನೆಯ ಪದ್ಮಕ್ಕ ಒಮ್ಮೆ ಬುದ್ಧಿ ಹೇಳಿದರು. “ವೈನಿ, ಮುನಿಗೋಳಿಗೆ ಕೇಳಿದ್ರ ಜಡ್ಡಾದವರಿಗೆ ಬಿಡುವು ಕೊಡ್ತಾರ ನೋಡ್ರಿ.”

“ಅವರು ಕೊಡ್ತಾರವಾ,” ಎಂದಳು ಅವ್ವ. “ನಾ ತಗೊಳಂಗಿಲ್ಲ.”

ಅಲ್ಲಿಗೆ ಆ ದಾರಿ ಮುಚ್ಚಿತು. ಆದರೆ ಮಗ ಎಂಜಿನಿಯರ್! ಸಂಜೆ ನುಂಗಿದರೆ ಬೆಳಗಿನವರೆಗೆ ಚೂರುಚೂರೇ ಕರಗುವ ಗುಳಿಗೆಯನ್ನು ತಯಾರಿಸಿ, ವ್ರತಕ್ಕೂ ಭಂಗ ಬಾರದಂತೆ, ಕಾಯಿಲೆಗೂ ಜಾಗ ಸಿಗದಂತೆ ಮಾಡತಕ್ಕದ್ದು ಎಂದು ನಾನು ನಿರ್ಣಯ ಮಂಡಿಸಿ, ನಾನೇ ಅನುಮೋದಿಸಿ, ಅದನ್ನೇ ಪಿಎಚ್.ಡಿ. ವಿಷಯವನ್ನಾಗಿ ಆರಿಸಿಕೊಂಡೆ. ಮೊದಲು ಮಾಡಿದ ಗುಳಿಗೆಯನ್ನು ನೀರಿಗೆ ಹಾಕಿದೆ. ಗಡಿಯಾರ ನೋಡಿ ತಲೆ ಎತ್ತುವಷ್ಟರಲ್ಲಿ ಕರಗಿ ಹೋಗಿತ್ತು. ಮೇಲಿನ ಹೊದಿಕೆ ದಪ್ಪ ಮಾಡಿದೆ. ಈ ಸಲದ ಗುಳಿಗೆ ವಾರವಾದರೂ ಕರಗಲಿಲ್ಲ. ನಮ್ಮ ಮಾರ್ಗದರ್ಶಕರು ಅದನ್ನು ಚಿಮಟಿಗೆಯಿಂದ ಎತ್ತಿ, ಬೆಳಕಿಗೆ ಹಿಡಿದು, “ಒಂದು ಲಾಭ ಇದೆ. ತೊಳೆದು ಮತ್ತೆ ಇನ್ನೊಬ್ಬರಿಗೆ ಕೊಡಬಹುದು,” ಎಂದರು.

ನನ್ನ ಗುಳಿಗೆ ಹುಟ್ಟುವವರೆಗೆ ಅವ್ವ ಕಾಯುವುದು ಬೇಡವೆಂದು ಅಂಗಡಿಯಲ್ಲಿ ಸಿಗುವುದರಲ್ಲೇ ಹುಡುಕತೊಡಗಿದೆ. ನಿಧಾನವಾಗಿ ಕರಗುವ ಕ್ಯಾಪ್ಸೂಲ್ ಒಂದಿತ್ತು. ಡಾಕ್ಟರೂ ಒಪ್ಪಿ ಬರೆದುಕೊಟ್ಟರು. ಅವ್ವ ಸಂಜೆಯ ರೊಟ್ಟಿ ಮುಗಿಸಿ ಕ್ಯಾಪ್ಸೂಲನ್ನು ನಡುಗುವ ಅಂಗೈಯಲ್ಲಿ ಇಟ್ಟುಕೊಂಡು ಬಾಯಿ ತೆರೆದಳು. ಆಗ ನಾನು ಸುಮ್ಮನಿರಬಹುದಿತ್ತು. ಲೋಕದಲ್ಲಿ ಎಷ್ಟೋ ಮಕ್ಕಳು ತಾಯಂದಿರಿಗೆ ಔಷಧ ಕೊಡುವಾಗ ಸುಮ್ಮನಿರುತ್ತಾರೆ. ಅವರು ಪಿಎಚ್.ಡಿ. ಮಾಡುತ್ತಿರುವುದಿಲ್ಲ.

“ಅವ್ವಾ, ಇದರ ಮಜಾ ಏನಂದ್ರ,” ಎಂದು ಶುರುಮಾಡಿದೆ, “ಮ್ಯಾಲಿನ ಟೊಪ್ಪಿಗಿ ಮೊದ್ಲ ಕರಗತೈತಿ. ಒಳಗಿನ ಕಾಳು ಆಮ್ಯಾಲ ಒಂದೊಂದ ಕರಗತಾವು.”

ಅವ್ವ ಕೈ ತಡೆದಳು. “ಟೊಪ್ಪಿಗಿ ಎದರಿಂದ ಮಾಡ್ಯಾರ?”

ನನ್ನ ಗಂಟಲು ಆಗ ಕಟ್ಟಬಾರದಿತ್ತೆ? ಕಟ್ಟಲಿಲ್ಲ. “ಜೆಲಟಿನ್ ಅಂತ ಬೇ. ದನದ ಎಲುಬು, ತೊಗಲು ಕುದಿಸಿ ತಗದ ಅಂಟು...”

ಕ್ಯಾಪ್ಸೂಲ್ ಅಂಗಳಕ್ಕೆ ಹೋಯಿತು. ಅವ್ವ ಮರುದಿನ ಪೂರ್ತಿ ಉಪವಾಸ ಕೂತಳು. ಹಿಂದೆ ಗೊತ್ತಿಲ್ಲದೆ ಎಷ್ಟು ನುಂಗಿದ್ದಳೋ, ಅದಕ್ಕೆಲ್ಲ ಪ್ರಾಯಶ್ಚಿತ್ತ! ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಪದ್ಮಕ್ಕ ತಮ್ಮ ಮನೆಗೆ ಹೋಗಿ ತಮ್ಮ ಯಜಮಾನರ ಕ್ಯಾಪ್ಸೂಲುಗಳನ್ನೂ ಎಸೆದರು. ಎರಡು ದಿನದಲ್ಲಿ ಓಣಿಯ ಹಿರಿಯರೆಲ್ಲ ತಂತಮ್ಮ ಔಷಧಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಸಾಲಾಗಿ ಕೂತರು. ಅವರ ಕೈಕಾಲು ಹಿಡಿದು, ಡಾಕ್ಟರನ್ನು ಕೇಳದೆ ಏನನ್ನೂ ಬಿಡಬೇಡಿ ಎಂದು ಒಪ್ಪಿಸುವಷ್ಟರಲ್ಲಿ ನನಗೇ ಗುಳಿಗೆ ಬೇಕಾಗುವ ಹಾಗಾಯಿತು. ಔಷಧದ ಅಂಗಡಿಯವನು ದಾರಿಯಲ್ಲಿ ಅಡ್ಡಗಟ್ಟಿ, “ಎಂಜಿನಿಯರ್ ಸಾಹೇಬ್ರ, ನೀವು ಪುಣೆಗೆ ಯಾವಾಗ ಹೊಕ್ಕೀರಿ?” ಎಂದು ಬಹಳ ಗೌರವದಿಂದ ಕೇಳಿದ.

ಮುಂದಿನ ಸಲ ಕ್ಯಾಪ್ಸೂಲ್ ಬಿಟ್ಟು ಗುಳಿಗೆಯನ್ನೇ ತಂದೆ. ಅವ್ವ ಈಗ ಹುಷಾರಾಗಿದ್ದಳು. ತಾನೇ ಕೇಳಿದಳು. ಔಷಧದ ಜೊತೆ ಆಲೂಗಡ್ಡೆಯ ಪಿಷ್ಟ ಸೇರಿಸಿದ್ದಾರೆಂದು ಹೇಳಿದೆ. ನೆಲದೊಳಗಿನ ಗಡ್ಡೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂಬುದು ನನಗೆ ತೊಟ್ಟಿಲಿನಿಂದಲೂ ಗೊತ್ತು. ಆದರೂ ವಾದಕ್ಕೆ ನಿಂತೆ. “ಅರಿಷಿಣನೂ ನೆಲದಾಗಿನ ಗಡ್ಡಿನ ಬೇ! ಅಪ್ಪ ಚೀಲಗಟ್ಟಲೆ ಮಾರ್ತಾನ, ನೀ ದಿನಾ ಪಲ್ಯಾಕ ಹಾಕ್ತಿ!”

“ಅದು ಒಣಗಿಸಿದ್ದು.”

“ಇದೂ ಒಣಗಿಸಿದ್ದ!”

“ಆಲೂಗಡ್ಡಿ ಒಣಗಿದ್ರೂ ಆಲೂಗಡ್ಡಿನ,” ಎಂದಳು ಅವ್ವ. ಅಪ್ಪ ಅರಿಷಿಣದ ಚೀಲಕ್ಕೆ ಒರಗಿ ಕೂತವರು, “ಲೇ ಭರತ್ಯಾ, ನನ್ನ ವ್ಯಾಪಾರಕ್ಕ ಯಾಕ ಕೈ ಹಾಕ್ತಿ?” ಎಂದರು. ಅದರ ನಂತರದ ಗುಳಿಗೆಗೆ ಅರಗಿನ ಮೆರುಗು ಕೊಟ್ಟಿದ್ದರು. ಅರಗು ಹುಳದಿಂದ ಬರುತ್ತದೆ. ಅದೂ ಅಂಗಳಕ್ಕೆ ಹೋಯಿತು. ನಮ್ಮ ಅಂಗಳದಷ್ಟು ಔಷಧ ಕುಡಿದ ನೆಲ ತೇರದಾಳದಲ್ಲಿ ಇನ್ನೊಂದು ಇರಲಾರದು.

ಕೊನೆಗೆ ಮೈಗೆ ಅಂಟಿಸುವ ಪಟ್ಟಿಯೊಂದನ್ನು ಡಾಕ್ಟರು ಬರೆದುಕೊಟ್ಟರು. ನುಂಗುವ ಮಾತೇ ಇಲ್ಲ. ಭುಜಕ್ಕೆ ಅಂಟಿಸಿದರೆ ಸರಿ, ಔಷಧ ಚರ್ಮದಿಂದ ಒಳಗೆ ಇಳಿಯುತ್ತದೆ. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಎಣ್ಣಿ ಹಚ್ಚಿದಂಗ ಆತು. ಬಾಯಿಗೇನೂ ಹೋಗಂಗಿಲ್ಲಲ್ಲ?” “ಇಲ್ಲ ಬೇ.” “ಹಂಗಾರ ಹಚ್ಚು.”

ಆ ರಾತ್ರಿ ಮನೆಯಲ್ಲಿ “ಏನ್ರೀ” ಕೇಳಿಸಲಿಲ್ಲ. ಅವ್ವ ತಾನಾಗಿ ಮಗ್ಗುಲು ಬದಲಿಸಿ ಗಾಢವಾಗಿ ನಿದ್ರೆ ಮಾಡಿದಳು. ಅಪ್ಪನಿಗೆ ಮಾತ್ರ ನಿದ್ರೆ ಇಲ್ಲ. ಯಾಕೆ ಕರೆಯಲಿಲ್ಲವೆಂದು ಗಾಬರಿಯಾಗಿ ಎದ್ದು, ಅವಳ ಉಸಿರು ನೋಡುತ್ತಾ ಬೆಳಗಿನವರೆಗೆ ಕೂತಿದ್ದರಂತೆ. ಮುಂಜಾನೆ ಕೆಂಪು ಕಣ್ಣುಗಳಲ್ಲಿ ಅವರು ನಗುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಪದವಿ ನನಗೆ ಯಾರೂ ಕೊಟ್ಟಿಲ್ಲ.

ಅದನ್ನು ಮಧ್ಯಾಹ್ನದವರೆಗೆ ಉಳಿಸಿಕೊಳ್ಳಲೂ ನನ್ನಿಂದಾಗಲಿಲ್ಲ. ಪದ್ಮಕ್ಕ ಬಂದು, “ಇಷ್ಟ ಸಣ್ಣ ಪಟ್ಟಿ ಹೆಂಗ ಕೆಲಸ ಮಾಡ್ತೈತೋ ತಮ್ಮಾ?” ಎಂದು ಕೇಳಿದರು. ಅಷ್ಟು ಸಾಕಾಯಿತು. ಗೋಡೆಯ ಕ್ಯಾಲೆಂಡರ್ ಕಿತ್ತು ಅದರ ಹಿಂದೆ ಚರ್ಮದ ಪದರುಗಳ ಚಿತ್ರ ಬರೆದೆ, ಬಾಣ ಹಾಕಿದೆ. ರಾತ್ರಿಯೆಲ್ಲ ಒಂದೊಂದು ಕಣವೂ ಈ ಪಟ್ಟಿಯಿಂದ ಹೊರಟು ರಕ್ತಕ್ಕೆ ಸೇರುತ್ತಲೇ ಇರುತ್ತದೆಂದು ವಿವರಿಸಿದೆ.

“ಅಂದ್ರ ಹೊತ್ತು ಮುಳುಗಿದ ಮ್ಯಾಲೂ ಒಳಗ ಹೊಕ್ಕೊಂತ ಇರತೈತಿ?” ಅವ್ವ ಕೇಳಿದಳು.

“ಹೂಂ ಬೇ, ಮುಂಜಾನಿತನಕ!” ಎಂದು ಇನ್ನೊಂದು ಬಾಣ ಹಾಕಿದೆ.

“ಸಂಜಿಮುಂದ ಉಂಡದ್ದು ಹೊಟ್ಟ್ಯಾಗ ರಾತ್ರಿ ಕರಗಿದ್ರ ತಪ್ಪಿಲ್ಲ ಭರತ್ಯಾ. ಮುಳುಗಿದ ಮ್ಯಾಲ ಹೊರಗಿನದು ಒಳಗ ಹೋಗಬಾರದು. ಬಾಯಿಲೆ ಹೋದ್ರೇನು, ತೊಗಲಿಲೆ ಹೋದ್ರೇನು?”

ಇದು ಊಟವೇ ಅಲ್ಲವೆಂದು ಸಾಧಿಸಿ ತೋರಿಸುವ ಹಟದಲ್ಲಿ ನಾನು ಮಾಡಬಾರದ್ದನ್ನು ಮಾಡಿದೆ. ಇನ್ನೊಂದು ಪಟ್ಟಿ ಬಿಚ್ಚಿ ನನ್ನ ತೋಳಿಗೇ ಅಂಟಿಸಿಕೊಂಡೆ. “ನೋಡು, ನನ್ನ ಹಸಿವು ಹಿಂಗತೈತೇನು ನೋಡು!” ಹಸಿವು ಹಿಂಗಲಿಲ್ಲ. ಸಂಜೆಯ ಹೊತ್ತಿಗೆ ತಲೆ ಗಿರ್ರನೆ ತಿರುಗಿ, ಮಧ್ಯಾಹ್ನ ಉಂಡ ರೊಟ್ಟಿ, ಝುಣಕ, ಮಜ್ಜಿಗೆ ಎಲ್ಲವನ್ನೂ ಬಚ್ಚಲಲ್ಲಿ ಒಪ್ಪಿಸಿದೆ. ಡಾಕ್ಟರು ಫೋನಿನಲ್ಲೇ ಪಟ್ಟಿ ಕಿತ್ತೊಗೆಯಲು ಹೇಳಿ, ಬಾಯಿಗೆ ಬಂದ ಮಿಕ್ಕ ಮಾತನ್ನು ನುಂಗಿಕೊಂಡರು. ಅವ್ವ ಬಚ್ಚಲ ಬಾಗಿಲಲ್ಲಿ ಕೋಲು ಊರಿ ನಿಂತಿದ್ದಳು. “ಊಟ ಅಲ್ಲ ಅಂದಿ, ಉಂಡದ್ದೆಲ್ಲಾ ಹೊರಗ ಬಂತಲ್ಲೋ!” ಕಾಯಿಲೆಯಿಂದ ಅವಳ ಮುಖ ಬಿಗಿದು ನಗು ಮೂಡುವುದೇ ನಿಂತಿತ್ತು. ಹೆಗಲು ಮಾತ್ರ ಕುಲುಕುತ್ತಿತ್ತು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ಅಂದಿನಿಂದ ದಿನಾ ಸಂಜೆ, ಹೊತ್ತು ಮುಳುಗುವ ಮೊದಲು ಅವ್ವ ಪಟ್ಟಿಯನ್ನು ಕಿತ್ತಿಡತೊಡಗಿದಳು. ರಾತ್ರಿಯ “ಏನ್ರೀ” ಮತ್ತೆ ಶುರುವಾಯಿತು. ಈಗ ಅದರ ಜೊತೆ ಕೆಮ್ಮೂ ಇತ್ತು.

ನಾನು ಪುಣೆಗೆ ಹೋಗಿ, ಎಲ್ಲ ಕಂಪನಿಗಳಿಗೂ ಫೋನು ಮಾಡಿ ಕೇಳಿದೆ. ಎಲುಬಿಲ್ಲದ, ಗಡ್ಡೆಯಿಲ್ಲದ, ಹುಳವಿಲ್ಲದ, ಬೆಳಗಿನವರೆಗೆ ಕರಗುವ ಗುಳಿಗೆ ಎಲ್ಲಾದರೂ ಇದೆಯೆ? ಇತ್ತು! ಮುಸುಕಿನ ಜೋಳದ ಹಿಟ್ಟು, ಮರದ ನಾರು, ಅಷ್ಟೇ. ಜಮಖಂಡಿಗೆ ಬಂದಿಳಿದು, ಡಾಕ್ಟರಿಗೆ ತೋರಿಸಿ ಚೀಟಿ ಬರೆಸಿಕೊಂಡು, ಗುಳಿಗೆ ಕೊಂಡು ಅಂಗಿಯ ಜೇಬಿಗೆ ಹಾಕಿ, ಮಧ್ಯಾಹ್ನದ ತೇರದಾಳ ಬಸ್ಸು ಹತ್ತಿದೆ. ಅಪ್ಪನಿಗೆ ಫೋನು ಮಾಡಿ, “ಅವ್ವನ ಊಟಾ ಆದ ಮ್ಯಾಲ ತಗೊಳ್ಳೋದು. ಹೊತ್ತು ಮುಳುಗೂದ್ರೊಳಗ ಬರ್ತೇನಿ” ಎಂದೆ.

ಆದರೆ ಅದು ಕಬ್ಬಿನ ಸುಗ್ಗಿ. ಬನಹಟ್ಟಿ ದಾಟುತ್ತಲೇ ಮುಂದೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ಸಾಲು, ಒಂದೊಂದಕ್ಕೂ ಎರಡೆರಡು ಟ್ರೇಲರು. ರಬಕವಿಯ ಆಚೆ ಒಂದು ಟ್ರೇಲರು ರಸ್ತೆಗೆ ಅಡ್ಡ ಮಗುಚಿ ಕಬ್ಬೆಲ್ಲ ಹರಡಿತ್ತು. ಬಸ್ಸು ನಿಂತಿತು. “ಎಷ್ಟೊತ್ತು ಆಗತೈತ್ರಿ?” ಎಂದು ಕೇಳಿದ್ದಕ್ಕೆ ಕಂಡಕ್ಟರ್, “ಕಬ್ಬು ತಿನ್ರಿ, ಹೊತ್ತು ಹೊಕ್ಕೈತಿ,” ಎಂದ. ಇಳಿದು ಓಡಿದೆ. ಕಬ್ಬಿನ ಜಲ್ಲೆಗಳ ಮೇಲೆ ಕಾಲು ಜಾರಿ ಬಿದ್ದೆ, ಎದ್ದೆ, ಜೇಬು ಮುಟ್ಟಿ ನೋಡಿಕೊಂಡೆ. ಕಬ್ಬಿನ ರಾಶಿಯ ಆಚೆ ಬದಿಯಲ್ಲಿ ಯಾರೋ ಪುಣ್ಯಾತ್ಮರು ಮೋಟಾರ್ ಸೈಕಲ್ಲಿಗೆ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಎಡಗಡೆ ಹೊಲಗಳ ಮೇಲೆ ಸೂರ್ಯ ಇಳಿಯುತ್ತಿದ್ದ. “ಜೋರ್ ಹೊಡೀರಿ ಅಣ್ಣಾ, ಔಷಧ ಐತಿ!” ಎಂದು ಅರಚಿದೆ.

ಅವ್ವ ಕಟ್ಟೆಯ ಮೇಲೆ ಪಡುವಲಿಗೆ ಮುಖ ಮಾಡಿ, ಸೋಸಿದ ನೀರಿನ ಲೋಟ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ನೀರು ತುಳುಕಿ ಸೆರಗು ತೊಯ್ದಿತ್ತು.

“ಈಗ ಮುಳುಗಿತು ನೋಡು,” ಎಂದಳು.

“ಇನ್ನೂ ಬೆಳಕೈತಿ ಬೇ! ತಗೋ, ನನ್ನಾಣಿ!”

“ಬೆಳಕು ಐತಿ. ಸೂರ್ಯ ಇಲ್ಲ.” ನನ್ನ ಮೈಯ ಧೂಳನ್ನು ನಡುಗುವ ಕೈಯಿಂದ ಒರೆಸಿದಳು. “ನಾಳೆ ತಗೋತೇನಿ ಬಿಡೋ. ಗುಳಿಗಿ ಎಲ್ಲಿ ಹೊಕ್ಕೈತಿ?”

ಗುಳಿಗೆ ಎಲ್ಲಿಗೂ ಹೋಗಲಿಲ್ಲ. ಬೆಳಗಾಗುವಷ್ಟರಲ್ಲಿ ಅವ್ವನಿಗೆ ಜ್ವರ ಏರಿ ಉಸಿರು ಕಟ್ಟುತ್ತಿತ್ತು. ಜಮಖಂಡಿಯ ಆಸ್ಪತ್ರೆಗೆ ಒಯ್ದೆವು. ಅಲ್ಲಿಯ ಡಾಕ್ಟರು, “ಬಾಯಿಂದ ಏನೂ ಕೊಡಬ್ಯಾಡ್ರಿ. ನುಂಗೋ ಶಕ್ತಿ ಹೋಗೇತಿ,” ಎಂದರು. ಸಲಾಯಿನ್ ಹಚ್ಚಿದಾಗ ಅವಳಿಗೆ ಹಗಲು ರಾತ್ರಿಯ ಅರಿವಿರಲಿಲ್ಲ. ಕೊನೆಗೂ ಸಿಕ್ಕ ಆ ಗುಳಿಗೆ ನನ್ನ ಜೇಬಿನಲ್ಲೇ ಇತ್ತು, ಅವ್ವ ಮಾತ್ರ ಆ ವಾರ ದಾಟಲಿಲ್ಲ.

ಮುಂದೆ ನನ್ನ ಪ್ರಬಂಧ ಒಪ್ಪಿತವಾಯಿತು. ರೋಗಿಗೆ ಇದರಿಂದೇನು ಲಾಭವೆಂದು ಪರೀಕ್ಷಕರು ಕೇಳಿದಾಗ ತೊದಲದೆ ಉತ್ತರಿಸಿದೆನಂತೆ. ಡಾಕ್ಟರ್ ಭರತೇಶನಾದೆ. ಕಂಪನಿಯೊಂದರಲ್ಲಿ ಕೆಲಸವೂ ಸಿಕ್ಕಿತು. ಅಲ್ಲಿಯೂ ಅದೇ ಕೆಲಸ, ಗುಳಿಗೆಗಳನ್ನು ನಿಧಾನ ಮಾಡುವುದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ, ಅವ್ವನ ವ್ರತದ ಜೊತೆ ಇಷ್ಟು ವರ್ಷ ಜಗಳಾಡಿದವನು ಒಂದು ರಾತ್ರಿಯಾದರೂ ಅದನ್ನು ಹಿಡಿದು ನೋಡಬೇಕು ಅನ್ನಿಸಿತು. ಹಾಸ್ಟೆಲ್ ಸೇರಿದಂದಿನಿಂದ ನಾನು ಅದನ್ನು ಪಾಲಿಸಿದವನಲ್ಲ. ಬಿಸಿಲು ಇರುವಾಗಲೇ ಉಂಡು, ಬಾಯಿ ಮುಕ್ಕಳಿಸಿ, ಕೋಣೆಗೆ ಬಂದು ಮಲಗಿದೆ. ನನಗೆ ನೋವಿಲ್ಲ, ನಡುಕವಿಲ್ಲ. ಬೇಕಾದ ಮಗ್ಗುಲಿಗೆ ಹೊರಳಬಲ್ಲೆ, ಯಾರನ್ನೂ ಕರೆಯಬೇಕಿಲ್ಲ. ಬರೀ ಒಂದಿಷ್ಟು ಹಸಿವು. ಅವ್ವ ಮೈಯೆಲ್ಲ ಕಟ್ಟಿಗೆಯಾದರೂ ತಡೆದ ರಾತ್ರಿಯನ್ನು ನಾನು ಅರ್ಧವೂ ತಡೆಯಲಿಲ್ಲ. ಎದ್ದು ಕೂತು, ಅವ್ವನನ್ನು ನೆನೆದು ಅಳುತ್ತಾ, ಒಂದು ಪೊಟ್ಟಣ ಬಿಸ್ಕತ್ತು ಪೂರ್ತಿ ತಿಂದೆ. ಮೇಲೆ ನೀರನ್ನೂ ಕುಡಿದೆ.