ಟ್ಯಾಂಕ್ ನೋಡುವ ಸರದಿ

ತಾರಸಿಯಿಂದ ನೀರಿನ ಟ್ಯಾಂಕಿಗೆ ಹತ್ತುವ ಕಬ್ಬಿಣದ ಏಣಿಗೆ ಹನ್ನೊಂದು ಮೆಟ್ಟಿಲು. ರೇಡಿಯೋ ರಿಪೇರಿಯವರು ಅದರಲ್ಲಿ ಮೂರನ್ನು ಮಾತ್ರ ಬಲ್ಲರು.

ಆ ಕಟ್ಟಡದ ಹನ್ನೆರಡು ಮನೆಗೂ ವರ್ಷಕ್ಕೊಂದು ತಿಂಗಳು ಸರದಿ. ಸರದಿಯವರು ದಿನಾ ಬೆಳಿಗ್ಗೆ ಏಣಿ ಹತ್ತಿ, ಟ್ಯಾಂಕಿನೊಳಗೆ ಇಣುಕಿ, 'ತುಂಬ್ತು' ಎಂದು ಕೂಗಬೇಕು. ಕೆಳಗಿದ್ದವರು ಪಂಪು ನಿಲ್ಲಿಸಬೇಕು. ರಿಪೇರಿಯವರಿಗೋ ಎತ್ತರ ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. ಹೋದ ವರ್ಷ ತಮ್ಮ ತಿಂಗಳನ್ನು ಅವರು ಮೂರನೇ ಮೆಟ್ಟಿಲ ಮೇಲೆ ನಿಂತು, ಅಂದಾಜಿನಲ್ಲಿ ಕೂಗಿಯೇ ಕಳೆದಿದ್ದರು. ಎರಡು ಸಲ ನೀರು ಉಕ್ಕಿ, ಬಿಸಿಲಿಗೆ ಹಾಕಿದ್ದ ನರ್ಸಮ್ಮನ ಹಾಸಿಗೆ ನೆನೆದಿತ್ತು. ಒಂದು ಸಲ ನೀರೇ ಇಲ್ಲದೆ, ಮೂರನೇ ಮಹಡಿಯ ಡ್ರಾಯಿಂಗ್ ಮೇಷ್ಟ್ರು ಮೈಗೆಲ್ಲ ಸೋಪು ಹಚ್ಚಿಕೊಂಡು ಮುಕ್ಕಾಲು ಗಂಟೆ ಬಚ್ಚಲಲ್ಲಿ ನಿಂತಿದ್ದರು. ಎಲ್ಲರೂ ಪಂಪನ್ನು ಬೈದರು. ನಿಜ ಗೊತ್ತಿದ್ದದ್ದು ರಿಪೇರಿಯವರ ಹೆಂಡತಿಗೆ ಮಾತ್ರ.

ಈ ಸೋಮವಾರದಿಂದ ಮತ್ತೆ ಅವರ ಸರದಿ.

"ಭಯ ಆಗುತ್ತೆ ಅಂತ ಹೇಳ್ಬಿಡಿ. ಯಾರೂ ನಿಮ್ಮನ್ನ ನುಂಗಿ ನೀರು ಕುಡಿಯಲ್ಲ," ಎಂದಳು ಹೆಂಡತಿ.

"ಮೂವತ್ತು ವರ್ಷ ಕರೆಂಟ್ ಜೊತೆ ಕೆಲಸ ಮಾಡಿದವನು, ಏಣಿಗೆ ಹೆದರ್ತೀನಿ ಅಂತ ಹೇಳ್ಲಾ? ಇರೋ ಮಾನಾನೂ ಹೋಗುತ್ತೆ."

ಮಾನ ಉಳಿಸಿಕೊಳ್ಳಲು ಅವರು ಎರಡು ತಿಂಗಳಿಂದ ಅಂಗಡಿಯಲ್ಲಿ ಕೂತು ಒಂದು ಉಪಾಯ ಮಾಡಿದ್ದರು. ಇಸ್ಪೀಟೆಲೆಯಷ್ಟಗಲದ ಒಂದು ಕಂಪ್ಯೂಟರು; ಅದು ಹೇಳಿದಂತೆ ಹಾರುವ, ಅಂಗೈಯಷ್ಟೇ ಇರುವ ಒಂದು ಡ್ರೋನು. ಡ್ರೋನಿನ ಕ್ಯಾಮೆರಾ ಕಂಡದ್ದನ್ನೆಲ್ಲ ಕಂಪ್ಯೂಟರಿಗೆ ಕಳಿಸುತ್ತದೆ. ಕಂಪ್ಯೂಟರು ಅದರಲ್ಲಿ ನೀಲಿ ಬಣ್ಣ ಹುಡುಕಿ, ಅತ್ತ ಹೋಗು ಎನ್ನುತ್ತದೆ. ಟ್ಯಾಂಕಿನ ಮುಚ್ಚಳ ನೀಲಿ. ಡ್ರೋನು ಅದರ ಮೇಲೆ ನಿಂತು ಫೋಟೋ ತೆಗೆದು ಹನ್ನೆರಡು ಮನೆಯ ಫೋನಿಗೂ ಕಳಿಸುತ್ತದೆ. ಯಾರೂ ಏಣಿ ಹತ್ತಬೇಕಿಲ್ಲ.

ಭಾನುವಾರ ಹತ್ತು ಗಂಟೆಗೆ ಇಡೀ ಕಟ್ಟಡ ತಾರಸಿಯಲ್ಲಿ ಸೇರಿತು. ರಿಪೇರಿಯವರು ಕಂಪ್ಯೂಟರನ್ನು ಸ್ಟೂಲಿನ ಮೇಲಿಟ್ಟು ಗುಂಡಿ ಒತ್ತಿದರು. ಡ್ರೋನು ಗುಂಯ್‌ಗುಟ್ಟುತ್ತ ಎದ್ದು, ಒಂದು ಸುತ್ತು ತಿರುಗಿ, ಟ್ಯಾಂಕಿಗೆ ಬೆನ್ನು ಹಾಕಿ, ಹಗ್ಗದ ಮೇಲಿದ್ದ ನೀಲಿ ಬೆಡ್‌ಶೀಟಿನ ಹತ್ತಿರ ಹೋಗಿ ನಿಂತಿತು. ಹನ್ನೆರಡು ಫೋನು ಒಟ್ಟಿಗೆ ಟಿಣ್ ಎಂದವು.

"ಇದು ನಮ್ಮ ಬೆಡ್‌ಶೀಟು," ಎಂದರು ನರ್ಸಮ್ಮ ಫೋನು ನೋಡಿ. "ಕಲೆ ಹೋಗೇ ಇಲ್ಲ."

ಅವರು ಬೆಡ್‌ಶೀಟು ಮಡಚಿ ಸೆರಗಿನಡಿ ಮುಚ್ಚಿಟ್ಟುಕೊಂಡರು. ಡ್ರೋನು ನೀಲಿ ಬಕೆಟ್ಟಿಗೆ ಹೋಯಿತು. ಬಕೆಟ್ಟು ಮಗುಚಿ ಹಾಕಿ ಗೋಣಿ ಹೊದಿಸಿದರು. ಡ್ರೋನು ಬಂದು ಮೇಷ್ಟ್ರ ತಲೆಯ ಮೇಲೆ ನಿಂತಿತು. ಮೇಷ್ಟ್ರು ಬಿಸಿಲಿಗೆಂದು ನೀಲಿ ಟೋಪಿ ಹಾಕಿದ್ದರು.

"ಇದು ಟ್ಯಾಂಕಿಗೆ ಯಾಕೆ ಹೋಗ್ತಿಲ್ಲ?" ಎಂದರು ಮೇಷ್ಟ್ರು, ತಲೆ ಅಲ್ಲಾಡಿಸದೆ.

"ನೀಲಿ ಮುಚ್ಚಳ ಕಾಣ್ಬೇಕಲ್ಲ ಮೇಷ್ಟ್ರೇ. ಯಾಕೋ ಕಾಣ್ತಿಲ್ಲ ಅದಕ್ಕೆ."

"ನೀಲಿ ಎಲ್ಲಿದೆ ಈಗ? ಎಲ್ಲರ ಫೋನಿಗೂ ಫೋಟೋ ಬರುತ್ತೆ ಅಂದ್ರಲ್ಲ, ಮಾಸಿದ ಬಣ್ಣ ಕಂಡ್ರೆ ಚೆನ್ನಾಗಿರಲ್ಲ ಅಂತ ನಿನ್ನೆ ನಾನೇ ಹತ್ತಿ ಹಸಿರು ಬಳಿದೆ. ಎರಡು ಕೋಟು."

ರಿಪೇರಿಯವರು ಸ್ಟೂಲಿನ ಮೇಲೇ ಕುಸಿದು ಕೂರುವುದರಲ್ಲಿದ್ದರು, ಕಂಪ್ಯೂಟರು ಇದೆಯೆಂದು ನೆನಪಾಗಿ ನಿಂತರು. ಅಷ್ಟರಲ್ಲಿ ಮೇಷ್ಟ್ರು ಎರಡು ಹೆಜ್ಜೆ ಎಡಕ್ಕೆ ಹೋದರು. ಡ್ರೋನೂ ಹೋಯಿತು. ಬಲಕ್ಕೆ ಬಂದರು. ಅದೂ ಬಂತು. ನಲವತ್ತು ವರ್ಷ ಮಕ್ಕಳನ್ನು ಸಾಲಾಗಿ ನಡೆಸಿದ ಮನುಷ್ಯ ಅವರು. "ಬಾ ನನ್ಹಿಂದೆ," ಎಂದು ಅದಕ್ಕೆ ಹೇಳಿ, ಸ್ವಂತ ಅಡುಗೆಮನೆಗೆ ಹೋದಷ್ಟು ಸಲೀಸಾಗಿ ಹನ್ನೊಂದು ಮೆಟ್ಟಿಲು ಹತ್ತಿ, ಮುಚ್ಚಳ ಎತ್ತಿ, ಮೇಲೆ ನೋಡಿ ನಕ್ಕರು.

ಟಿಣ್. ಫೋಟೋದಲ್ಲಿ ಅರ್ಧ ನೀರು, ಅರ್ಧ ಮೇಷ್ಟ್ರ ಹಲ್ಲು. ಎಲ್ಲರೂ ಚಪ್ಪಾಳೆ ತಟ್ಟಿದರು. ರಿಪೇರಿಯವರಿಗೆ ಹೋದ ಜೀವ ಬಂದಂತಾಯಿತು.

"ಅಲ್ಲ, ಒಂದು ಮಾತು," ಎಂದರು ನರ್ಸಮ್ಮ. "ಮುಚ್ಚಳ ಯಾರೂ ತೆಗೀದಿದ್ರೆ ಇದಕ್ಕೆ ಒಳಗಿನ ನೀರು ಹೇಗೆ ಕಾಣುತ್ತೆ?"

ಎರಡು ತಿಂಗಳಲ್ಲಿ ಇದೊಂದು ರಿಪೇರಿಯವರಿಗೆ ಹೊಳೆದಿರಲಿಲ್ಲ. ಒಂದು ಸಲವಾದರೂ ಮೇಲೆ ಹತ್ತಿ ನೋಡಿದ್ದರೆ ಹೊಳೆಯುತ್ತಿತ್ತು.

"ನಿಮಗೆ ಅರ್ಥ ಆಗಲಿಲ್ಲ ನರ್ಸಮ್ಮ," ಎಂದರು ಮೇಷ್ಟ್ರು ಕೆಳಗಿಳಿದು. "ಇದು ನೀರು ನೋಡೋಕಲ್ಲ, ನೀರು ನೋಡೋರನ್ನ ನೋಡೋಕೆ. ಹೋದ ವರ್ಷ ಸೋಪು ಹಚ್ಕೊಂಡು ನಿಂತಿದ್ದಾಗ್ಲೇ ನನಗೆ ಅನುಮಾನ ಬಂದಿತ್ತು, ಯಾರೋ ಪುಣ್ಯಾತ್ಮರು ಹತ್ತದೇನೇ ಕೂಗ್ತಿದ್ದಾರೆ ಅಂತ. ಇನ್ನು ಆ ಆಟ ನಡೆಯಲ್ಲ. ದಿನಾ ಹತ್ತಿದವರ ಮುಖ ಫೋಟೋದಲ್ಲಿ ಬರ್ಬೇಕು. ಏನಂತೀರಿ?"

ಎಲ್ಲರೂ ಸರಿ ಎಂದರು. ನೆನೆದ ಹಾಸಿಗೆಯ ನೆನಪಿಗೆ ನರ್ಸಮ್ಮ ಎರಡು ಸಲ ಸರಿ ಎಂದರು. ಈಗ ಭಯವಾಗುತ್ತದೆ ಎಂದು ಬಾಯಿಬಿಟ್ಟರೆ, ಆ ಪುಣ್ಯಾತ್ಮ ಯಾರೆಂದು ತಾವೇ ಡಂಗುರ ಸಾರಿದಂತೆ. ರಿಪೇರಿಯವರೂ ಸರಿ ಎಂದರು.

"ಒಳ್ಳೇ ಕೆಲಸ ಮಾಡಿದ್ರಿ ರೀ," ಎಂದು ಮೇಷ್ಟ್ರು ಟೋಪಿ ತೆಗೆದು ರಿಪೇರಿಯವರ ತಲೆಗಿಟ್ಟರು. "ನಾಳೆಯಿಂದ ನಿಮ್ದೇ ಸರದಿ ಅಲ್ವಾ? ಇದು ನಿಮ್ಮ ಹತ್ರಾನೇ ಇರ್ಲಿ."

ಡ್ರೋನು ಮೇಷ್ಟ್ರನ್ನು ಬಿಟ್ಟು ರಿಪೇರಿಯವರ ನೆತ್ತಿಯ ಮೇಲೆ ಬಂದು ನಿಂತಿತು.

"ಈಗ್ಲೇ ನಕ್ಬಿಡಿ," ಎಂದಳು ಹೆಂಡತಿ, ಅವರಿಗೆ ಮಾತ್ರ ಕೇಳುವಂತೆ. "ನಾಳೆ ಮೇಲೆ ನಿಂತು ನಗೋಕೆ ನಿಮ್ಮ ಕೈಲಾಗಲ್ಲ."