ರಾಮಕ್ಕ ಬಾಯಿ ಹಾಕಿದ್ದಲ್ಲ

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆಗಳಲ್ಲಿ ಕುರ್ಚಿ ಕೇಳದೆ, ಕಾಫಿ ಕುಡಿಯದೆ, ಅಧ್ಯಕ್ಷರ ಮೊಬೈಲಿನೊಳಗೆ ಕೂತು ಎಲ್ಲರ ಮಾತನ್ನೂ ಕೇಳಿಸಿಕೊಂಡು ನಡಾವಳಿ ಬರೆದುಕೊಡುವ ಯಂತ್ರ ಮಹಾಶಯರ ಸನ್ನಿಧಿಗೆ, ಬೇಗೂರಿನಿಂದ ಶಶಿಕಲಾ ಮಾಡುವ ಸಾದರ ನಮಸ್ಕಾರಗಳು.

ಮಾನ್ಯರೇ,

ತಾವು ಬಂದ ಮೇಲೆ ನಮ್ಮ ಸಂಘಕ್ಕೆ ಒಂದು ಕಳೆ ಬಂದಿದೆ. ಮೊದಲು ಕಾರ್ಯದರ್ಶಿಗಳು ನಡಾವಳಿ ಬರೆಯುತ್ತಿದ್ದಾಗ ಅವರ ಅಕ್ಷರ ಅವರಿಗೇ ಅರ್ಥವಾಗುತ್ತಿರಲಿಲ್ಲವಾದ್ದರಿಂದ ಯಾರ ಮರ್ಯಾದೆಗೂ ಧಕ್ಕೆಯಾಗುತ್ತಿರಲಿಲ್ಲ. ಈಗ ಸಭೆ ಮುಗಿದು ಚಪ್ಪಲಿ ಹುಡುಕಿಕೊಳ್ಳುವಷ್ಟರಲ್ಲಿ ಎಲ್ಲರ ವಾಟ್ಸಾಪಿಗೂ ತಮ್ಮ ಬರಹ ಬಂದು ಬೀಳುತ್ತದೆ, ಒಂದು ಕಾಗುಣಿತದ ತಪ್ಪೂ ಇಲ್ಲದೆ. ಇಷ್ಟು ಶುದ್ಧವಾಗಿ ಅವಮಾನ ಮಾಡುವವರನ್ನು ನಾನು ಈವರೆಗೆ ಕಂಡಿರಲಿಲ್ಲ.

ಕಳೆದ ಭಾನುವಾರದ ವಿಷಯಕ್ಕೆ ಬರುತ್ತೇನೆ. ಬಡಾವಣೆಯ ಹಿಂದಿನ ಗೇಟನ್ನು ಭದ್ರತೆಯ ದೃಷ್ಟಿಯಿಂದ ತೆಗೆಸಿ ಅಲ್ಲಿ ಗೋಡೆ ಕಟ್ಟಿಸಬೇಕೆಂದು ಅಧ್ಯಕ್ಷರಾದ ಅಂಬರೀಶ್ ಅವರು ವಿವರಿಸುತ್ತಿದ್ದರು. ಆ ಗೇಟಿನಾಚೆ ರಾಮಕ್ಕನ ತಟ್ಟೆ ಇಡ್ಲಿ ಅಂಗಡಿಯಿದೆ. ರಾಮಕ್ಕ ಈ ಊರಿನ ಹಳೆಯ ಮನೆತನದವರು, ಬಡಾವಣೆಯೊಳಗೆ ಅವರದೂ ಒಂದು ಮನೆಯಿರುವುದರಿಂದ ಸಂಘದ ಸದಸ್ಯರೂ ಹೌದು. ಗೇಟು ಹೋದರೆ ಅವರ ಗಿರಾಕಿಗಳೂ ಹೋದರು. ಆದ್ದರಿಂದ ಅವರು ಎದ್ದು ನಿಂತು, "ಒಸಿ ತಡಿ ಅಂಬರೀಶಪ್ಪಾ, ಗೇಟ್ ಮುಚ್ಬುಟ್ರೆ ನಾನು ಒಲೆ ಅಚ್ಚೋದು ಯಾರ್ಗೆ? ರಾತ್ರಿ ಬೀಗ ಆಕ್ಕಳಿ, ಅಗಲೊತ್ತು ಬುಟ್ಬುಡಿ" ಎಂದರು. ಅಂದದ್ದು ಇಷ್ಟೇ. ತಾವು ಬರೆದದ್ದು: 'ರಾಮಕ್ಕ ಮಧ್ಯೆ ಬಾಯಿ ಹಾಕಿದರು. ಚರ್ಚೆ ಮುಂದುವರಿಯಿತು.' ಒಲೆ, ಗಿರಾಕಿ, ರಾತ್ರಿಯ ಬೀಗ, ಎಲ್ಲವನ್ನೂ ತಾವು ನುಂಗಿ ನೀರು ಕುಡಿದಿರಿ.

ಅದೇ ಸಭೆಯಲ್ಲಿ ರಾಮಕ್ಕನ ಪರವಾಗಿ ನಾನು ಅರ್ಧ ವಾಕ್ಯ ಹೇಳಿದ್ದೆನೋ ಇಲ್ಲವೋ, ಅಂಬರೀಶ್ ಅವರು "ಮೇಡಂ, ಜಸ್ಟ್ ಟು ಆ್ಯಡ್" ಎಂದು ನುಗ್ಗಿ, ಉಳಿದರ್ಧ ಇವತ್ತಿಗೂ ನನ್ನ ಬಾಯಲ್ಲೇ ಇರುವಂತೆ ಮಾಡಿದರು. ಅದನ್ನು ತಾವು 'ಅಧ್ಯಕ್ಷರು ವಿಷಯದ ಮೇಲೆ ಬೆಳಕು ಚೆಲ್ಲಿದರು' ಎಂದು ದಾಖಲಿಸಿದ್ದೀರಿ. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯಲ್ಲಿ ಅವರು ವಾರವಿಡೀ ಹೀಗೆಯೇ ಬೆಳಕು ಚೆಲ್ಲುತ್ತಾರಂತೆ. ಇಂಗ್ಲಿಷಿನಲ್ಲಿ ನುಗ್ಗಿದರೆ ಬೆಳಕು, ಹಕಾರವಿಲ್ಲದ ಕನ್ನಡದಲ್ಲಿ ಕೇಳಿಕೊಂಡರೆ ಬಾಯಿ. ಎಂಥ ಸೂಕ್ಷ್ಮವಾದ ಕಿವಿ ತಮ್ಮದು.

ತಮ್ಮ ಸಾಲನ್ನು ರಾಮಕ್ಕನಿಗೆ ಅವರ ಸೊಸೆ ಓದಿ ಹೇಳಿದಳು. ಮರುದಿನ ನಾನು ಇಡ್ಲಿಗೆ ಹೋದಾಗ, "ನಾನೇನ್ ಬೀದಿ ದನವಾ ಶಶಿಕಲಮ್ಮ, ಕಂಡೋರ್ ತರ್ಕಾರಿ ಗಾಡಿಗೆ ಬಾಯಾಕೋಕೆ? ಇನ್ ನಿಮ್ ಮೀಟಿಂಗ್‌ಗೆ ನಾ ಬರಕಿಲ್ಲ" ಎಂದು ಮುಖ ತಿರುಗಿಸಿ ಹಿಟ್ಟು ಕಲಸತೊಡಗಿದರು.

ತಮಗೆ ಬಾಯಿಯೇ ಇಲ್ಲದ್ದರಿಂದ ಅದರ ಮಾನಮರ್ಯಾದೆ ತಿಳಿಯದಿರುವುದು ಸಹಜ. ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ಬೆಕ್ಕು ಹಾಲಿಗೆ ಬಾಯಿ ಹಾಕುತ್ತದೆ. ತನ್ನದಲ್ಲದ್ದಕ್ಕೆ ಹಾಕಿದರೇನೇ ಅದು ಬಾಯಿ ಹಾಕುವುದು. ಅಂಗಡಿಯ ಬೆಂಚಿನಲ್ಲಿ ಇಬ್ಬರು ಮಂಡಿನೋವಿನ ಮಾತಾಡುವಾಗ ಮೂರನೆಯವರು "ನಂಗೂ ಅಷ್ಟೇ ಕಣ್ರೀ, ಕೂತ್ರೆ ಏಳಕ್ಕಾಗಲ್ಲ" ಎಂದರೆ ಅದು ದನಿಗೂಡಿಸುವುದು, ಅದಕ್ಕೆ ಯಾರೂ ಬೇಸರಪಡುವುದಿಲ್ಲ, ಬದಲಿಗೆ ಜಾಗ ಮಾಡಿಕೊಡುತ್ತಾರೆ. ಗುರುತು ಪರಿಚಯವಿಲ್ಲದವರು ಪಕ್ಕ ಕೂತು "ಮಗಳಿಗೆ ಇನ್ನೂ ಮದ್ವೆ ಮಾಡಿಲ್ವಾ" ಎಂದರೆ ಅದು ಮೂಗು ತೂರಿಸುವುದು. ಅಂಥ ಒಂದು ಮೂಗಿಗೆ ನಾನು ಬಸ್ಸಿನಲ್ಲಿ ತಕ್ಕ ಉತ್ತರ ಕೊಟ್ಟದ್ದುಂಟು. ಎದುರಿನವರದು ಮುಗಿಯುವ ಮೊದಲೇ ತಮ್ಮದನ್ನು ಶುರು ಮಾಡುವುದು ಮಾತು ಕತ್ತರಿಸುವುದು, ಅದರಲ್ಲಿ ನಮ್ಮ ಅಧ್ಯಕ್ಷರದು ಪಳಗಿದ ಕೈ. ತನ್ನ ಅನ್ನಕ್ಕೆ ಅಡ್ಡವಾಗಿ ಗೋಡೆ ಏಳುತ್ತಿರುವಾಗ "ಒಸಿ ತಡಿ" ಎನ್ನುವುದಕ್ಕೆ ಮಾತ್ರ ಇವಾವ ಹೆಸರೂ ಹೊಂದುವುದಿಲ್ಲ ಸ್ವಾಮೀ. ಅದು ಆಕ್ಷೇಪಣೆ. ಸಂಘದ ನಿಯಮದಲ್ಲೂ ಅದಕ್ಕೆ ಅದೇ ಹೆಸರು, ಮತ್ತು ಒಂದೇ ಒಂದು ಆಕ್ಷೇಪಣೆ ಇದ್ದರೂ ಮತಕ್ಕೆ ಹಾಕದೆ ಗೋಡೆ ಕಟ್ಟುವಂತಿಲ್ಲ. ತಾವು ಅದನ್ನು ಬಾಯಿ ಎಂದು ಬರೆದದ್ದರಿಂದ ಈಗ ಆಕ್ಷೇಪಣೆಯೇ ಇಲ್ಲವಾಗಿದೆ. ಬರುವ ಭಾನುವಾರ ತಮ್ಮ ಬರಹಕ್ಕೆ ಒಪ್ಪಿಗೆ ಬೀಳುತ್ತದೆ, ಸೋಮವಾರ ಇಟ್ಟಿಗೆ ಬರುತ್ತದೆ.

ಆದ್ದರಿಂದ ತಾವು ದಯಮಾಡಿ ಮೊಬೈಲಿನಿಂದ ಇಳಿದು ಬಂದು, ರಾಮಕ್ಕನ ಬೆಂಚಿನ ಮೇಲೆ ಕೂತು, ಎರಡು ಇಡ್ಲಿ ತಿಂದು, ಬೆವರು ಬರುವಷ್ಟು ಕೆಂಪು ಚಟ್ನಿ ಹಾಕಿಸಿಕೊಂಡು ಕ್ಷಮೆ ಕೇಳಬೇಕು. ಇನ್ನು ಮುಂದೆ ಯಾರಾದರೂ "ಜಸ್ಟ್ ಟು ಆ್ಯಡ್" ಎಂದ ಕೂಡಲೇ ಅವರ ಕೈಯಲ್ಲಿರುವ ಮೊಬೈಲು ಸಣ್ಣಗೆ ಶಾಕ್ ಹೊಡೆಯುವ ಏರ್ಪಾಡು ಮಾಡಬೇಕು. ಇವೆರಡೂ ಆಗದಿದ್ದರೆ, ಆ ಒಂದು ಸಾಲನ್ನು ತಿದ್ದಿ.

ಬೈಯುವಾಗಲೂ ಬಹುವಚನ ಬಿಡದ,
ತಮ್ಮ ವಿಶ್ವಾಸಿ,
ಶಶಿಕಲಾ

ತಾ.ಕ.: ಸೌಜನ್ಯಕ್ಕೆಂದು ಈ ಪತ್ರವನ್ನು ಮೊದಲು ಧ್ವನಿ ಸಂದೇಶವಾಗಿ ತಮಗೇ ಓದಿ ಕಳಿಸಿದೆ. ತಾವು ಮಾಡಿದ ಸಾರಾಂಶ ಈಗಷ್ಟೇ ಸಂಘದ ಗ್ರೂಪಿನಲ್ಲಿ ಬಂದಿದೆ: 'ಶಶಿಕಲಾ ಅವರು ಯಂತ್ರದ ಸೇವೆಯನ್ನು ಶ್ಲಾಘಿಸಿದರು. ಇಡ್ಲಿ ಶಿಫಾರಸು ಮಾಡಿದರು. ಗೋಡೆಯ ಬಗ್ಗೆ ಆಕ್ಷೇಪಣೆಯಿಲ್ಲ.' ಅಂಬರೀಶ್ ಅವರು ಅದಕ್ಕೆ ಹೆಬ್ಬೆರಳು ಎತ್ತಿದ್ದಾರೆ. ರಾಮಕ್ಕ ಅದನ್ನು ಓದಿಸಿಕೊಂಡು ಕೇಳಿ, ಸೆರಗು ಬಿಗಿದು, "ನಡಿ ಶಶಿಕಲಮ್ಮ, ಇವತ್ ನಿಜವಾಗ್ಲೂ ಬಾಯಾಕ್ಬುಡಾನ" ಎಂದಿದ್ದಾರೆ. ಇಬ್ಬರೂ ಅಧ್ಯಕ್ಷರ ಮನೆಗೇ ಹೊರಟಿದ್ದೇವೆ. ತಾವು ಅಲ್ಲೇ ಇರುತ್ತೀರಲ್ಲ, ಬರೆದುಕೊಳ್ಳಿ.