ಐದು ನಿಮಿಷಕ್ಕೆಂದು ಬಂದ ಸಕ್ಸಿನೈಲ್‌ಕೋಲಿನ್ ಅವರಿಗೆ

ಶಸ್ತ್ರಚಿಕಿತ್ಸಾ ವಿಭಾಗದ ಫ್ರಿಜ್‌ನ ಎರಡನೇ ಅಂತಸ್ತಿನಲ್ಲಿ, ಚುಚ್ಚುಮದ್ದಿನ ಸೀಸೆಯೊಳಗೆ ವಿರಾಜಮಾನರಾಗಿರುವ ಮಾನ್ಯ ಸಕ್ಸಿನೈಲ್‌ಕೋಲಿನ್ ಅವರ ಸನ್ನಿಧಾನಕ್ಕೆ, ಹಳೆಯ ಮೇಜು ಕುರ್ಚಿಗಳ ಹರಾಜು ಕೂಗಿ ಬದುಕು ಕಟ್ಟಿಕೊಂಡ ಬಡ ಗಂಟಲಿನವನೊಬ್ಬ ಮಾಡುವ ಅನಂತ ನಮಸ್ಕಾರಗಳು. ತಾವು ತಣ್ಣಗಿದ್ದೀರೆಂದು ನಂಬಿದ್ದೇನೆ.

ಮಾನ್ಯರೇ, ಕಳೆದ ತಿಂಗಳು ನನ್ನ ಅಪೆಂಡಿಕ್ಸ್ ತೆಗೆಯುವ ಶುಭಕಾರ್ಯಕ್ಕೆ ತಾವು ದಯಮಾಡಿಸಿದಿರಿ. ಗಂಟಲಿಗೆ ಕೊಳವೆ ಇಳಿಸಲು ಸ್ನಾಯುಗಳು ಸಡಿಲವಾಗಬೇಕು, ಅದಕ್ಕೆ ತಮ್ಮಷ್ಟು ಚುರುಕಿನವರಿಲ್ಲ, ಒಂದು ನಿಮಿಷದಲ್ಲಿ ಕೆಲಸ ಹಿಡಿದು ಐದು-ಹತ್ತು ನಿಮಿಷದಲ್ಲಿ ಹೊರಟುಬಿಡುತ್ತೀರಿ ಎಂದು ಅರಿವಳಿಕೆ ಡಾಕ್ಟರು ತಮ್ಮ ಗುಣಗಾನ ಮಾಡಿದ್ದರು. ಬಂದ ರೀತಿ ನಿಜಕ್ಕೂ ಮೆಚ್ಚತಕ್ಕದ್ದು. ನರವು ಸ್ನಾಯುವಿಗೆ ಅಪ್ಪಣೆ ಕಳಿಸುವ ಬಾಗಿಲಲ್ಲಿ, ಅಪ್ಪಣೆ ತರುವವರದೇ ವೇಷ ಹಾಕಿಕೊಂಡು ನುಗ್ಗಿ, ಮೂರು ದಿನ ಬೀರು ಹೊತ್ತಷ್ಟು ನೋವಾಗುವಂತೆ ಮೈಯನ್ನೆಲ್ಲ ಅದುರಿಸಿ, ಆಮೇಲೆ ಬಾಗಿಲಿಗೇ ಅಡ್ಡ ಕೂತಿರಿ. ಕೂತವರು ಏಳಲಿಲ್ಲ, ಅಷ್ಟೇ. ಮೂರು ಗಂಟೆ ಇಪ್ಪತ್ತು ನಿಮಿಷ. ಆಸ್ಪತ್ರೆಯ ಹಾಳೆ ನೋಡಿಯೇ ಬರೆಯುತ್ತಿದ್ದೇನೆ.

ನಿದ್ದೆಯ ಅನಿಲ ನಿಲ್ಲಿಸಿದ ಮೇಲೆ ನನಗೆ ಎಚ್ಚರವಾಯಿತು. ರೆಪ್ಪೆ ಏಳಲಿಲ್ಲ, ಕಿರುಬೆರಳು ಅಲ್ಲಾಡಲಿಲ್ಲ. ಕಿವಿಯನ್ನು ಮಾತ್ರ ತಾವು ಉದಾರವಾಗಿ ಬಿಟ್ಟುಕೊಟ್ಟಿದ್ದಿರಿ. ನರ್ಸಮ್ಮ ನನ್ನನ್ನು ನೋಡಿ, ಎಂಥ ಮಿತಭಾಷಿ ಮನುಷ್ಯ ಎಂದು ಹೊಗಳಿದ್ದು ಕೇಳಿಸಿತು. ಆಕ್ಷೇಪಿಸಲು ಆಗಲಿಲ್ಲ. ಪುಣ್ಯಕ್ಕೆ ಡಾಕ್ಟರಿಗೆ ಸಂಶಯ ಬಂದು, ಮತ್ತೆ ನಿದ್ದೆ ಬರಿಸಿ, ತಾವು ಏಳುವವರೆಗೂ ಯಂತ್ರದಿಂದ ನನ್ನನ್ನು ಉಸಿರಾಡಿಸಿದರು.

ತಮ್ಮನ್ನು ಸಾಗಹಾಕುವ ಕಿಣ್ವವೊಂದು ಎಲ್ಲರ ರಕ್ತದಲ್ಲೂ ಇರುತ್ತದಂತೆ; ನನ್ನಲ್ಲಿ ಅದು ಹೆಸರಿಗಷ್ಟೇ ಇದೆ. ಇದು ವಂಶದಿಂದ ಬರುವಂಥದ್ದು ಎಂದ ಕೂಡಲೇ ಅಮ್ಮ ಅದನ್ನು ಅಪ್ಪನ ಕಡೆಯವರ ತಲೆಗೆ ಕಟ್ಟಿದಳು, ಅಪ್ಪ ಅಮ್ಮನ ತವರಿಗೆ ಕಟ್ಟಿದರು. ಇಬ್ಬರ ಪಾಲೂ ಸಮ ಎಂದು ಡಾಕ್ಟರು ತೀರ್ಪು ಕೊಟ್ಟ ಮೇಲೆ, ನಲವತ್ತೆಂಟು ವರ್ಷದ ದಾಂಪತ್ಯದಲ್ಲಿ ಮೊದಲ ಬಾರಿಗೆ ಇಬ್ಬರೂ ಒಟ್ಟಿಗೆ ಸುಮ್ಮನಾದರು. ಅದೂ ತಮ್ಮ ಸಹಾಯವಿಲ್ಲದೆ.

ಆದರೆ ಈ ಗುರುವಾರ ನನ್ನ ಅಕ್ಕನಿಗೆ ಪಿತ್ತಕೋಶದ ಆಪರೇಷನ್. ಅವಳಲ್ಲೂ ಇದೇ ಕೊರತೆ ಇರುವ ಸಾಧ್ಯತೆ ನಾಲ್ಕರಲ್ಲೊಂದು, ರಕ್ತಪರೀಕ್ಷೆ ಮಾಡಿಸಲೇಬೇಕು ಎಂದು ಡಾಕ್ಟರು ಹೇಳಿದರೆ, ಕೊರತೆಯೆಲ್ಲ ಈ ತಮ್ಮನದು, ತನಗೆ ಹುಟ್ಟಿದಾರಭ್ಯ ನೆಗಡಿಯೂ ಬಂದಿಲ್ಲ ಎಂದು ಅವಳು ಸೆರಗಿನೊಳಗೆ ಕೈ ಮುಚ್ಚಿಕೊಂಡಳು. ಉಸಿರು ನಿಲ್ಲುತ್ತದೆಂದರೂ ಹೆದರಲಿಲ್ಲ. ಯಂತ್ರ ಇದೆಯಲ್ಲ ಎಂದಳು. ಕೊನೆಗೆ ನರ್ಸಮ್ಮನ ಹೊಗಳಿಕೆಯನ್ನು ಅವಳಿಗೆ ಒಪ್ಪಿಸಿದೆ. ಅಕ್ಕನ ಮುಖ ಬಿಳಿಚಿತು. "ಅವರು ಏನಂದ್ರೂ ತಿರುಗಿ ಹೇಳೋಕೆ ಆಗಲ್ವೇನೋ?" ಎಂದಳು. ಒಂದಕ್ಷರವೂ ಆಗುವುದಿಲ್ಲ ಎಂದೆ. ಅಲ್ಲೇ ಕುರ್ಚಿ ಎಳೆದು ಕೂತು ತೋಳು ಚಾಚಿದಳು.

ಫಲಿತಾಂಶ ಬಂದಿದೆ. ಅವಳೂ ನನ್ನ ಹಾಗೆಯೇ.

ಆದ್ದರಿಂದ ಮಾನ್ಯರೇ, ತಾವು ಕೈಗಡಿಯಾರ ಕಟ್ಟಿಕೊಳ್ಳಬೇಕು, ಕೂರುವ ಮುನ್ನ ಹೊರಡುವ ಹೊತ್ತನ್ನು ಬರೆದುಕೊಡಬೇಕು ಎಂದೆಲ್ಲ ಬರೆದಿದ್ದ ಬೇಡಿಕೆಗಳನ್ನು ಹೊಡೆದುಹಾಕಿದ್ದೇನೆ. ಡಾಕ್ಟರು ಅಕ್ಕನ ಕಡತದ ಮೇಲೆ ತಮ್ಮ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು ಅಡ್ಡಗೆರೆ ಎಳೆದು, ಆ ಕಿಣ್ವದ ಹಂಗಿಲ್ಲದೆ ಎದ್ದುಹೋಗುವ ತಮ್ಮ ಬಳಗದ ಬೇರೊಬ್ಬರನ್ನು ಕರೆದಿದ್ದಾರೆ. ಆದರೂ ಅವಸರದಲ್ಲಿ ಕೈ ತಪ್ಪುವುದುಂಟು. ಗುರುವಾರ ಬೆಳಿಗ್ಗೆ ಯಾರಾದರೂ ಫ್ರಿಜ್ ತೆರೆದು ತಮ್ಮತ್ತ ಕೈ ಚಾಚಿದರೆ, ದಯವಿಟ್ಟು ಸ್ವಲ್ಪ ಹಿಂದಕ್ಕೆ ಸರಿದುಕೊಳ್ಳಿ. ನನಗಿರುವವಳು ಒಬ್ಬಳೇ ಅಕ್ಕ.

ಒಮ್ಮೆ ತಮ್ಮ ಪೂರ್ಣ ವಶದಲ್ಲಿದ್ದು, ಈಗ ಮತ್ತೆ ಕೂಗುತ್ತಿರುವ
ತಮ್ಮ ವಿಶ್ವಾಸಿ,
ಹರಾಜಿನವನು

ತಾ.ಕ.: ಕೆಲಸವಿಲ್ಲದೆ ತಮಗೆ ಬೇಸರವಾಗುವುದಾದರೆ ನಮ್ಮ ಭಾವನವರಲ್ಲಿಗೆ ಧಾರಾಳವಾಗಿ ಹೋಗಬಹುದು. ಅಕ್ಕನ ಜೊತೆ ಅವರೂ ಪರೀಕ್ಷೆ ಮಾಡಿಸಿಕೊಂಡರು. ಬಂದವರನ್ನು ಸಾಗಹಾಕುವ ಆ ಕಿಣ್ವ ಅವರಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಇಪ್ಪತ್ತು ವರ್ಷದಿಂದ ಅವರ ಮನೆಗೆ ಹೋಗಿಬರುತ್ತಿರುವ ನನಗೆ ಆಶ್ಚರ್ಯವಾಗಲಿಲ್ಲ.